ಗೊನೆ ದಾಟಿತು, ಪರ್ಮಿಟ್ಟು ದಾಟಲಿಲ್ಲ!

2022ರ ಓಣಂ. ತಿರುವೋಣಕ್ಕೆ ಇನ್ನು ಆರೇ ದಿನ. ನೇಂದ್ರ ಬೆಳೆದವರಿಗೆ ವರ್ಷದಲ್ಲಿ ಇದೊಂದೇ ಒಳ್ಳೆಯ ಕಾಲ. ನನ್ನ ಮತ್ತು ನೆರೆಯ ಇಬ್ಬರ ತೋಟದ ಗೊನೆ ಸೇರಿ 13 ಕ್ವಿಂಟಾಲ್ ಆಗಿತ್ತು. ಕಾಸರಗೋಡಿನ ವ್ಯಾಪಾರಿ ಕಿಲೋಗೆ 55 ರೂಪಾಯಿ ಒಪ್ಪಿದ್ದರು. "ಬೆಳಿಗ್ಗೆ ಒಂಬತ್ತರ ಒಳಗೆ ಇಳಿಸಬೇಕು" ಎಂಬ ಒಂದೇ ಷರತ್ತು.

ಯಾವಾಗಲೂ ಬರುವ ಸಣ್ಣ ಗಾಡಿ ಆ ದಿನ ಸಿಗಲಿಲ್ಲ. ಊರಲ್ಲೇ ಇನ್ನೊಬ್ಬರ ಪಿಕಪ್ಪು ಇತ್ತು. ಹಳದಿ ಬೋರ್ಡು, ಹೊಸ ಟಯರು, ಇನ್ಶೂರೆನ್ಸ್ ಉಂಟು, ಎಫ್‌ಸಿ ಉಂಟು. ಇನ್ನೇನು ಬೇಕು? ರಾತ್ರಿಯೇ ಲೋಡು ಮಾಡಿ ಬೆಳಗ್ಗಿನ ಜಾವ ಹೊರಟೆವು. ಗಡಿ ದಾಟಿ ನಾಲ್ಕು ಕಿಲೋಮೀಟರ್ ಹೋಗಿರಬಹುದು. ರಸ್ತೆ ಬದಿಯಲ್ಲಿ ಕೈ ಅಡ್ಡ ಬಂತು.

"ಪರ್ಮಿಟ್ ಎವಿಡೆ?"

ಡ್ರೈವರ್ ಹುಡುಗ ಕಾಗದದ ಕಟ್ಟು ಕೊಟ್ಟ. ಅಧಿಕಾರಿ ಒಂದೊಂದೇ ತಿರುಗಿಸಿ, ಪರ್ಮಿಟ್ಟಿನ ಹಾಳೆಯಲ್ಲಿ ಬೆರಳಿಟ್ಟು ತೋರಿಸಿದರು. ಅದರಲ್ಲಿ ಬರೆದದ್ದು ಕರ್ನಾಟಕ ಮಾತ್ರ.

"ಸಾರ್, ಇದು ನಮ್ಮದೇ ತೋಟದ ಬಾಳೆಕಾಯಿ, ಬಾಡಿಗೆ ಮಾಲಲ್ಲ" ಎಂದೆ. ಅವರು ಬೈಯಲಿಲ್ಲ, ಕಾಸೂ ಕೇಳಲಿಲ್ಲ. "ಬಾಳೆಕಾಯಿ ನಿಮ್ಮದೇ ಇರಬಹುದು. ಗಾಡಿಗೆ ಇಲ್ಲಿ ಓಡಲು ಅನುಮತಿ ಇಲ್ಲವಲ್ಲ" ಎಂದರು.

ದಂಡ, ತೆರಿಗೆ, ತಾತ್ಕಾಲಿಕ ಪರ್ಮಿಟ್ಟು ಎಂದು ಎಲ್ಲ ಮುಗಿಸಿ ಹೊರಡುವಾಗ ಸಂಜೆ ನಾಲ್ಕು. ವ್ಯಾಪಾರಿ ಅಷ್ಟರಲ್ಲಿ ಬೇರೆ ಕಡೆಯಿಂದ ಮಾಲು ಇಳಿಸಿಕೊಂಡಿದ್ದರು. ಬಿಸಿಲಿಗೆ ನಿಂತ ಗೊನೆಯ ಬಣ್ಣವೂ ತಿರುಗಲು ಶುರುವಾಗಿತ್ತು. ಕೊನೆಗೆ ಕಿಲೋಗೆ 42 ರೂಪಾಯಿಗೆ ಕೊಟ್ಟು ಬಂದೆವು. 13 ರೂಪಾಯಿ ಕಮ್ಮಿ ಎಂದರೆ 13 ಕ್ವಿಂಟಾಲಿಗೆ 16,900 ರೂಪಾಯಿ ನಷ್ಟ. ದಂಡ ಬೇರೆ.

ಹಿಂದೆ ಬರುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಸಣ್ಣ ಗಾಡಿಯಲ್ಲಿ ವರ್ಷಗಟ್ಟಲೆ ಹೋದೆವು, ಯಾರೂ ಪರ್ಮಿಟ್ಟು ಕೇಳಲಿಲ್ಲ. ಈ ಪಿಕಪ್ಪು ಏನು ತಪ್ಪು ಮಾಡಿತು?

ಉತ್ತರ ಸಿಕ್ಕಿದ್ದು ಆರ್‌ಸಿಯಲ್ಲಿ

ಮನೆಗೆ ಬಂದು ಎರಡೂ ಗಾಡಿಗಳ ಆರ್‌ಸಿ ಎದುರಿಗಿಟ್ಟು ನೋಡಿದೆ. ಅದರಲ್ಲಿ ತೂಕದ ಎರಡು ಅಂಕೆ ಇರುತ್ತವೆ. ಒಂದು ಖಾಲಿ ಗಾಡಿಯ ತೂಕ. ಇನ್ನೊಂದು ಮಾಲು ತುಂಬಿದಾಗ ಗರಿಷ್ಠ ಎಷ್ಟಿರಬಹುದು ಎಂಬ ಒಟ್ಟು ತೂಕ. ಆರ್‌ಟಿಒ ಭಾಷೆಯಲ್ಲಿ ಜಿವಿಡಬ್ಲ್ಯು. ನಮ್ಮ ಸಣ್ಣ ಗಾಡಿಯದ್ದು 2,000 ಕಿಲೋವೂ ಇರಲಿಲ್ಲ. ಪಿಕಪ್ಪಿನದ್ದು 3,490.

ಎಲ್ಲ ಗುಟ್ಟು ಇಲ್ಲೇ ಇರುವುದು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮು, ಸಾಗಾಟದ ಗಾಡಿ ಯಾವುದೇ ಇರಲಿ, ಪರ್ಮಿಟ್ಟು ಇಲ್ಲದೆ ರಸ್ತೆಗೆ ಇಳಿಯಬಾರದು ಎನ್ನುತ್ತದೆ. ಅದೇ ಕಲಮಿನಲ್ಲಿ ಕೆಲವು ವಿನಾಯಿತಿಗಳೂ ಇವೆ. ಅದರಲ್ಲೊಂದು, ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿ. ಅದಕ್ಕೆ ಪರ್ಮಿಟ್ಟೇ ಬೇಡ. ಇದು ಕೇಂದ್ರದ ಕಾಯ್ದೆಯಾದ್ದರಿಂದ ಕರ್ನಾಟಕವಾದರೂ ಅಷ್ಟೇ, ಕೇರಳವಾದರೂ ಅಷ್ಟೇ.

ಇಲ್ಲಿ ಎರಡು ಕಡೆ ಜನ ಜಾರಿ ಬೀಳುತ್ತಾರೆ.

ಒಂದು, 3,000 ಎಂಬುದು ನಾವು ಹೇರಿದ ಮಾಲಿನ ತೂಕ ಅಲ್ಲ, ಆರ್‌ಸಿಯಲ್ಲಿ ಬರೆದ ಒಟ್ಟು ತೂಕ. ನಮ್ಮ ಪಿಕಪ್ಪಿನಲ್ಲಿ ಐದು ಗೊನೆ ಮಾತ್ರ ಇದ್ದರೂ ಅದು 3,490ರ ಗಾಡಿಯೇ. ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಳಗೆ ಮಾಲು ಇರಲಿ ಇಲ್ಲದಿರಲಿ ಪರ್ಮಿಟ್ಟು ಬೇಕು ಎನ್ನುತ್ತದೆ. ಮಾಲು ಇಳಿಸಿ ಖಾಲಿ ಬರುವಾಗ ಸಿಕ್ಕಿಬಿದ್ದರೂ ತಪ್ಪು ತಪ್ಪೇ.

ಎರಡು, ನೋಡಲು ಒಂದೇ ಥರ ಇರುವ ಎರಡು ಪಿಕಪ್ಪುಗಳಲ್ಲಿ ಒಂದು 3,000ದ ಕೆಳಗೆ, ಇನ್ನೊಂದು ಮೇಲೆ ಇರಬಹುದು. ಬಾಡಿ ನೋಡಿ, ಕಂಪೆನಿ ನೋಡಿ ಅಂದಾಜು ಮಾಡಬಾರದು. ಆರ್‌ಸಿಯೇ ನೋಡಬೇಕು. ಹೊಸತು ಕೊಳ್ಳುವವರಂತೂ ಶೋರೂಮಿನಲ್ಲಿ ಮೊದಲು ಕೇಳಬೇಕಾದ್ದು ಮೈಲೇಜು ಅಲ್ಲ, ಈ ಅಂಕೆ.

"ನಮ್ಮದೇ ಮಾಲು, ನಮ್ಮದೇ ಗಾಡಿ" ಎಂಬ ನನ್ನ ವಾದವೂ ನಿಲ್ಲುವುದಿಲ್ಲ. ಬಾಡಿಗೆಗೆ ಓಡಿಸಿದರೆ ಮಾತ್ರ ಪರ್ಮಿಟ್ಟು ಎಂದು ನಾವು ತಿಳಿದಿರುತ್ತೇವೆ. ಆದರೆ ಸ್ವಂತ ವ್ಯವಹಾರದ ಸರಕು ಸಾಗಿಸುವ ಗಾಡಿಯೂ ಅದೇ ಲೆಕ್ಕಕ್ಕೆ ಬರುತ್ತದೆ.

ದಾಟುವ ಕಾಗದ, ದಾಟದ ಕಾಗದ

ಗಾಡಿಯ ಪೆಟ್ಟಿಗೆಯಲ್ಲಿ ಹತ್ತು ಕಾಗದ ಇದ್ದರೆ ನಮಗೆ ಎಲ್ಲವೂ ಒಂದೇ. ಈಗ ನಾನು ಅವನ್ನು ಎರಡು ಕಟ್ಟು ಮಾಡಿ ನೆನಪಿಟ್ಟುಕೊಂಡಿದ್ದೇನೆ.

ಒಂದನೆಯ ಕಟ್ಟು ದೇಶವಿಡೀ ನಡೆಯುವಂಥದ್ದು. ಆರ್‌ಸಿ, ಡ್ರೈವರನ ಲೈಸನ್ಸು, ಎಫ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ. ಪುತ್ತೂರಿನಲ್ಲಿ ಮಾಡಿಸಿದ ಎಫ್‌ಸಿ ಕಣ್ಣೂರಿನಲ್ಲೂ ನಡೆಯುತ್ತದೆ. ಅವಧಿ ಮುಗಿದಿರಬಾರದು, ಅಷ್ಟೇ. ಎಫ್‌ಸಿಯ ಅವಧಿ ಹೊಸ ಗಾಡಿಗೆ ಎರಡು ವರ್ಷ. ಎಂಟು ವರ್ಷ ತುಂಬುವ ವರೆಗೆ ಎರಡೆರಡು ವರ್ಷಕ್ಕೊಮ್ಮೆ, ಬಳಿಕ ವರ್ಷ ವರ್ಷವೂ ಮಾಡಿಸಬೇಕು.

ಎರಡನೆಯ ಕಟ್ಟಿನಲ್ಲಿ ಎರಡೇ ಕಾಗದ. ಪರ್ಮಿಟ್ಟು ಮತ್ತು ತೆರಿಗೆ ರಶೀದಿ. ಇವೆರಡು ಮಾತ್ರ ಗಡಿಯಲ್ಲಿ ನಿಂತುಬಿಡುತ್ತವೆ. ಒಂದು ರಾಜ್ಯದ ಪರ್ಮಿಟ್ಟಿಗೆ ಇನ್ನೊಂದು ರಾಜ್ಯದಲ್ಲಿ ಬೆಲೆ ಬರಬೇಕಾದರೆ ಆ ರಾಜ್ಯದ ಒಪ್ಪಿಗೆಯ ಸಹಿ ಬೇಕು, ಇಲ್ಲವೇ ಬೇರೆ ಥರದ ಪರ್ಮಿಟ್ಟು ಬೇಕು. ತೆರಿಗೆಯಂತೂ ಆಯಾ ರಾಜ್ಯದ ಕಾನೂನು.

ಹಾಗಾಗಿ 3,000 ಕಿಲೋದೊಳಗಿನ ಗಾಡಿಯವರೂ ಪೂರ್ತಿ ನಿಶ್ಚಿಂತೆ ಎಂದುಕೊಳ್ಳಬೇಡಿ. ವಿನಾಯಿತಿ ಇರುವುದು ಪರ್ಮಿಟ್ಟಿಗೆ, ತೆರಿಗೆಗೆ ಅಲ್ಲ. ಹೊರಡುವ ಮುಂಚಿನ ದಿನವೇ ಪರಿವಾಹನ್ ಜಾಲತಾಣದ ಚೆಕ್‌ಪೋಸ್ಟ್ ತೆರಿಗೆ ವಿಭಾಗದಲ್ಲಿ ಹೋಗುವ ರಾಜ್ಯ ಆರಿಸಿ, ಗಾಡಿ ನಂಬರು ಹಾಕಿ ನೋಡಿ. ಕಟ್ಟಲಿಕ್ಕೆ ಇದ್ದರೆ ಅಲ್ಲೇ ಕಟ್ಟಿ ರಶೀದಿ ತೆಗೆದುಕೊಳ್ಳಬಹುದು. ಮೊಬೈಲಿನ ಗೊಡವೆ ನಮಗೆ ಆಗದಿದ್ದರೆ ಮನೆಯ ಮಕ್ಕಳಿಗೆ ಐದು ನಿಮಿಷದ ಕೆಲಸ.

"ಚೆಕ್‌ಪೋಸ್ಟು ತೆಗೆದಿದ್ದಾರಲ್ಲ, ಇನ್ನೆಂತ ತೆರಿಗೆ?" ಎಂದು ಕೇಳುವವರು ಈಗಲೂ ಇದ್ದಾರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ತೆಗೆದದ್ದು ಮಾಲಿನ ಮೇಲಿನ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟು. ಗಾಡಿಯ ಪರ್ಮಿಟ್ಟು, ತೆರಿಗೆ ನೋಡುವ ಇಲಾಖೆ ಬೇರೆ. ಅವರು ಗಡಿಯ ಗೇಟಿನಲ್ಲೇ ಇರಬೇಕೆಂದೂ ಇಲ್ಲ. ನಮ್ಮನ್ನು ಹಿಡಿದದ್ದು ಗಡಿ ದಾಟಿ ನಾಲ್ಕು ಕಿಲೋಮೀಟರ್ ಆಚೆ.

3,000 ಮೀರಿದರೆ ಮೂರು ದಾರಿ

ದೊಡ್ಡ ಗಾಡಿಯೇ ಬೇಕು ಎಂದಾದರೆ ಏನು ಮಾಡಬಹುದು?

ಮೊದಲನೆಯದು ತಾತ್ಕಾಲಿಕ ಪರ್ಮಿಟ್ಟು. ಕಾಯ್ದೆಯ 87ನೇ ಕಲಮಿನಲ್ಲಿ ಇದು ಯಾವುದಕ್ಕೆಲ್ಲ ಸಿಗುತ್ತದೆ ಎಂಬ ಪಟ್ಟಿ ಉಂಟು. ಅದರಲ್ಲಿ "ಹಂಗಾಮಿನ ವ್ಯಾಪಾರ" ಎಂಬುದೂ ಸೇರಿದೆ. ಇದು ಹೇಳಿ ಮಾಡಿಸಿದಂತೆ ನಮಗೇ! ಓಣಂ ಬಾಳೆ, ಮಾವು, ಹಲಸು ಎಲ್ಲ ಹಂಗಾಮಿನವೇ ತಾನೇ? ಗರಿಷ್ಠ ಅವಧಿ ನಾಲ್ಕು ತಿಂಗಳು. ವರ್ಷಕ್ಕೆ ಐದಾರು ಸಲ ಮಾತ್ರ ಗಡಿ ದಾಟುವವರಿಗೆ ಇದು ಸಾಕು. ಆದರೆ ಗೊನೆ ಕಡಿದ ಮೇಲೆ ಅರ್ಜಿ ಹಾಕುವುದಲ್ಲ, ಗೊನೆ ಬಲಿಯುವಾಗಲೇ ಹಾಕಬೇಕು.

ಎರಡನೆಯದು ನಮ್ಮ ಪರ್ಮಿಟ್ಟಿಗೆ ಪಕ್ಕದ ರಾಜ್ಯದ ಒಪ್ಪಿಗೆಯ ಸಹಿ ಹಾಕಿಸಿಕೊಳ್ಳುವುದು. ಒಂದೇ ರಾಜ್ಯಕ್ಕೆ ಸದಾ ಓಡುವ ಗಾಡಿಗೆ ಇದು. ಎರಡು ರಾಜ್ಯಗಳ ನಡುವೆ ಆದ ಒಪ್ಪಂದದ ಮೇಲೆ ನಡೆಯುತ್ತದೆ.

ಮೂರನೆಯದು ನ್ಯಾಷನಲ್ ಪರ್ಮಿಟ್ಟು. ಹಿಂದೆ ಇದಕ್ಕೆ ನಮ್ಮ ರಾಜ್ಯವೂ ಸೇರಿ ಕನಿಷ್ಠ ನಾಲ್ಕು ರಾಜ್ಯ ಆರಿಸಿ, ಒಂದೊಂದು ರಾಜ್ಯಕ್ಕೂ ಬೇರೆ ಬೇರೆ ಹಣ ಕಟ್ಟಬೇಕಿತ್ತು. 2010ರ ಮೇ ತಿಂಗಳಿಂದ ಇಡೀ ದೇಶಕ್ಕೆ ಒಂದೇ ಶುಲ್ಕ ಆಯಿತು. ಆಗ ವರ್ಷಕ್ಕೆ 15,000 ರೂಪಾಯಿ, 2012ರಿಂದ 16,500. ಅಧಿಕಾರಪತ್ರಕ್ಕೆ ಇನ್ನೊಂದು ಸಾವಿರ. ಒಟ್ಟು 17,500 ಎಂದು ಹಿಡಿಯಿರಿ.

ನಾವು ಕೃಷಿಕರು ಹಾಕಬೇಕಾದ ಲೆಕ್ಕ ಇದು. ವರ್ಷಕ್ಕೆ ಹತ್ತು ಸಲ ದಾಟಿದರೆ ಒಂದು ಟ್ರಿಪ್ಪಿಗೆ 1,750 ರೂಪಾಯಿ ಬಿತ್ತು. ನೂರು ಸಲ ದಾಟಿದರೆ 175 ಮಾತ್ರ. ಹಾಗಾಗಿ ಒಬ್ಬೊಬ್ಬ ಸಣ್ಣ ಕೃಷಿಕನಿಗೆ ಇದು ಹೊರೆ. ಹತ್ತಾರು ಮನೆಯ ಮಾಲು ಹೊರುವ ಗಾಡಿಗೆ ಲಾಭ. ನಾವು ಮೂವರು ಒಂದೇ ದಿನ ಕಳೆದುಕೊಂಡ ದುಡ್ಡು ಸುಮಾರು ಇಷ್ಟೇ ಎಂಬುದನ್ನು ಇಲ್ಲಿ ಹೇಳದೆ ನಿರ್ವಾಹವಿಲ್ಲ.

ನ್ಯಾಷನಲ್ ಪರ್ಮಿಟ್ಟಿನಲ್ಲೂ ಒಂದು ಕಟ್ಟುಪಾಡು ಉಂಟು. ಪರರಾಜ್ಯದ ಒಳಗೇ ಒಂದು ಕಡೆ ಮಾಲು ಹತ್ತಿಸಿ ಅದೇ ರಾಜ್ಯದ ಇನ್ನೊಂದು ಕಡೆ ಇಳಿಸಬಾರದು. ಇಲ್ಲಿಂದ ಬಾಳೆ ಕೊಂಡುಹೋಗಿ, ಬರುವಾಗ ಅಲ್ಲಿಂದ ಹಿಂಡಿಯೋ ಗೊಬ್ಬರವೋ ತುಂಬಿಕೊಂಡು ಬರಬಹುದು. "ಹೇಗೂ ಖಾಲಿ" ಎಂದು ಕಾಸರಗೋಡಿನ ಮಾಲನ್ನು ಕಣ್ಣೂರಿಗೆ ಮುಟ್ಟಿಸಿ ಬರುವ ಹಾಗಿಲ್ಲ.

ಇನ್ನು ಬ್ಯಾಟರಿಯಿಂದ ಓಡುವ ಸರಕು ಗಾಡಿಗಳು. ಇವಕ್ಕೆ 2018ರ ಅಕ್ಟೋಬರಿನಿಂದ ಪರ್ಮಿಟ್ಟಿನ ವಿನಾಯಿತಿ ಇದೆ. ಗಡಿಗೆ ಹತ್ತಿರ ಇರುವವರು ಯೋಚಿಸಬಹುದಾದ ವಿಷಯ.

ದಂಡಕ್ಕಿಂತ ದೊಡ್ಡ ಭಯ

ಪರ್ಮಿಟ್ಟು ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿರುವ ಶಿಕ್ಷೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ ಮತ್ತು ಆರು ತಿಂಗಳ ವರೆಗೆ ಜೈಲು. ಗಾಡಿಯನ್ನು ತಡೆದು ಇಟ್ಟುಕೊಳ್ಳಲೂ ಅಧಿಕಾರ ಉಂಟು. ಒಣ ಅಡಿಕೆಯಾದರೆ ನಾಲ್ಕು ದಿನ ನಿಂತರೂ ಅಡಿಕೆಯೇ. ಬಾಳೆ, ತರಕಾರಿ, ಹೂ ಹೇರಿದವನ ಕಥೆ? ಒಂದು ರಾತ್ರಿ ನಿಂತರೆ ಮುಗಿಯಿತು.

ಇದೂ ದೊಡ್ಡದಲ್ಲ. ನನಗೆ ನಿದ್ದೆ ಹಾರಿದ್ದು ಇನ್ನೊಂದು ವಿಷಯ ಗೊತ್ತಾದ ಮೇಲೆ. ಆ ಬೆಳಗ್ಗಿನ ಜಾವ ಗಡಿಯಾಚೆ ನಮ್ಮ ಗಾಡಿ ಯಾರಿಗಾದರೂ ತಾಗಿದ್ದರೆ? "ಇನ್ಶೂರೆನ್ಸ್ ಉಂಟಲ್ಲ" ಎನ್ನುತ್ತಿದ್ದೆವು. ಪರ್ಮಿಟ್ಟು ಇಲ್ಲದ ಲಾರಿಯೊಂದು ಅಪಘಾತ ಮಾಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಪರ್ಮಿಟ್ಟು ಇಲ್ಲದೆ ಓಡಿಸುವುದು ವಿಮೆಯ ಷರತ್ತಿನ ಮೂಲಕ್ಕೇ ಬಿದ್ದ ಏಟು. ವಿಮಾ ಕಂಪೆನಿ ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕು, ಆ ಹಣವನ್ನು ಗಾಡಿ ಮಾಲಕನಿಂದ ವಸೂಲು ಮಾಡಿಕೊಳ್ಳಬಹುದು. ಜೀವಹಾನಿಯ ಪರಿಹಾರ ಎಂದರೆ ಲಕ್ಷಗಟ್ಟಲೆ. ಒಂದೆರಡು ಎಕ್ರೆಯ ತೋಟ ಇರುವವ ಅದನ್ನು ಎಲ್ಲಿಂದ ತರುವುದು? ತೋಟವನ್ನೇ ಮಾರಬೇಕಷ್ಟೆ.

ಬಿಳಿ ಬೋರ್ಡಿನ ಜೀಪಿನಲ್ಲಿ ನೆರೆಹೊರೆಯವರ ಮಾಲು ಬಾಡಿಗೆಗೆ ಹೊರುವವರೂ ಇದನ್ನು ಗಮನಿಸಬೇಕು. ಬಿಳಿ ಬೋರ್ಡು ಸ್ವಂತ ಬಳಕೆಗೆ. ಬಾಡಿಗೆ ಎಂದ ಕೂಡಲೇ ಅದು ಸಾಗಾಟದ ಗಾಡಿ. ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಇದನ್ನು. ಹಾಗೆಯೇ, ಗೊನೆಯ ಮೇಲೆ ಆಳುಗಳನ್ನು ಕೂರಿಸಿ ಕಳಿಸುವ ಅಭ್ಯಾಸ ಬಿಡಬೇಕು. ಸರಕು ಗಾಡಿಯ ವಿಮೆಯಲ್ಲಿ ಮಾಲಿನ ಯಜಮಾನ ಅಥವಾ ಅವನ ಪ್ರತಿನಿಧಿಗೆ 1994ರ ತಿದ್ದುಪಡಿಯಿಂದ ರಕ್ಷಣೆ ಉಂಟು. ಸುಮ್ಮನೆ ಹತ್ತಿ ಬಂದವರಿಗೆ ಇಲ್ಲ.

ಒಂದು ಸಮಾಧಾನದ ಸುದ್ದಿಯೂ ಇದೆ. ಒಟ್ಟು ತೂಕ 7,500 ಕಿಲೋ ಮೀರದ ಸರಕು ಗಾಡಿಯನ್ನು ಸಾಮಾನ್ಯ ಲಘು ವಾಹನದ ಲೈಸನ್ಸಿನಲ್ಲೇ ಓಡಿಸಬಹುದು, ಬೇರೆ ಮುದ್ರೆ ಬೇಡ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಪಿಕಪ್ಪು ಓಡಿಸುವ ನಮ್ಮ ಹುಡುಗರಿಗೆ ಇದ್ದ ಒಂದು ತಲೆನೋವು ಕಮ್ಮಿಯಾಯಿತು.

ಆಚೆ ಊರಿನ ಹಳೆ ಗಾಡಿ ಕೊಂಡಾಗ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆದರೆ ನೆಂಟಸ್ತಿಕೆ, ತೋಟ, ವ್ಯವಹಾರ ಎರಡೂ ಕಡೆ ಈಗಲೂ ಒಂದೇ. ಹಾಗಾಗಿ ಗಾಡಿಗಳೂ ಕೈ ಬದಲಾಗುತ್ತವೆ. ನನ್ನ ಭಾವ ಕೇರಳ ನಂಬರಿನ ಸಣ್ಣ ಗಾಡಿಯೊಂದನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಂಡರು. ದುಡ್ಡು ಕೊಟ್ಟು, ಛಾಪಾ ಕಾಗದದಲ್ಲಿ ಸಹಿ ಹಾಕಿಸಿ ತಂದರು. ಒಂದೂವರೆ ವರ್ಷ ಇಲ್ಲೇ ಓಡಿಸಿದರು. ಒಂದು ದಿನ ಮಾರಿದವರ ಫೋನು: "ನಿಮ್ಮ ಗಾಡಿಯ ದಂಡದ ನೋಟೀಸು ನನ್ನ ಮನೆಗೆ ಬಂದಿದೆ ಮಾರಾಯ್ರೆ!"

ಆರ್‌ಸಿಯಲ್ಲಿ ಹೆಸರು ಬದಲಾಗುವ ವರೆಗೆ ಕಾನೂನಿನ ಕಣ್ಣಿಗೆ ಮಾಲಕ ಮಾರಿದವನೇ. ಹಾಗಾಗಿ ಇದು ಕೊಂಡವನಿಗೂ ತೊಂದರೆ, ಮಾರಿದವನಿಗೂ ತೊಂದರೆ.

ಗಾಡಿಯನ್ನು ಸಾಮಾನ್ಯವಾಗಿ ಎಲ್ಲಿ ನಿಲ್ಲಿಸುತ್ತೇವೋ, ನಾವು ಎಲ್ಲಿ ವಾಸಿಸುತ್ತೇವೋ ಆ ರಾಜ್ಯದ ಕಚೇರಿಯಲ್ಲಿ ನೋಂದಣಿ ಇರಬೇಕು. ಪರರಾಜ್ಯದ ನಂಬರಿನ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿನ ಹೊಸ ನಂಬರು ತೆಗೆದುಕೊಳ್ಳಬೇಕು. ಅದಕ್ಕೆ ಮೊದಲು ಹಳೆಯ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಎಲ್ಲರೂ ಹೇಳುವಂತೆ ಎನ್‌ಒಸಿ, ತರಬೇಕು. ಇದರ ಅರ್ಜಿ ಫಾರಂ 28. ಹೊಸ ನಂಬರಿಗೆ ಫಾರಂ 27. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಗಾಡಿಯ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಎನ್‌ಒಸಿಯ ಅರ್ಜಿಗೆ ಕಚೇರಿ ಮೂವತ್ತು ದಿನದೊಳಗೆ ಆಗದು ಎಂದು ತಿಳಿಸದಿದ್ದರೆ ಕೊಟ್ಟಂತೆಯೇ ಲೆಕ್ಕ ಎಂದು ಕಾಯ್ದೆ ಹೇಳುತ್ತದೆ. ಆದ್ದರಿಂದ ಅರ್ಜಿಯ ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ.

ಇನ್ನೊಂದು ಸಂಗತಿ. ಗಾಡಿ ಕೊಂಡರೆ ಪರ್ಮಿಟ್ಟು ಅದರ ಜತೆ ತಾನೇ ಬರುವುದಿಲ್ಲ. ಅದರ ವರ್ಗಾವಣೆಗೆ ಸಾರಿಗೆ ಪ್ರಾಧಿಕಾರದ ಅಪ್ಪಣೆ ಬೇಕು. ಮನೆಯ ಯಜಮಾನ ತೀರಿಕೊಂಡಾಗಲೂ ಇದು ಬಾಧಿಸುತ್ತದೆ. ಪರ್ಮಿಟ್ಟು ಅವರ ಹೆಸರಲ್ಲಿದ್ದರೆ ಮೂವತ್ತು ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಹಾಗೆ ತಿಳಿಸಿದರೆ ಮೂರು ತಿಂಗಳು ಅದೇ ಪರ್ಮಿಟ್ಟಿನಲ್ಲಿ ಓಡಿಸಬಹುದು. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಹಾಕಬೇಕು. ಬೊಜ್ಜದ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ನೆನಪು ಮಾಡಿಕೊಡುವ ಕೆಲಸ ನೆರೆಯವರದ್ದು.

ಮಾಲಿನ ಕಾಗದ ಬೇರೆ

ಗಾಡಿಯ ಕಾಗದ ಸರಿ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. ಬಾಳೆಕಾಯಿ, ತರಕಾರಿ, ತೆಂಗಿನಕಾಯಿ, ಹಸಿ ಅಡಿಕೆಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಡ. ಒಣ ಅಡಿಕೆ ಹಾಗಲ್ಲ, ಅದಕ್ಕೆ ಜಿಎಸ್‌ಟಿ ಉಂಟು. ಬೆಲೆ 50,000 ರೂಪಾಯಿ ದಾಟಿದ ಒಣ ಅಡಿಕೆಯನ್ನು ನೋಂದಾಯಿತ ವ್ಯಾಪಾರಿಗೆ ಎಂದೇ ಗಡಿ ದಾಟಿಸುವಾಗ ಇ-ವೇ ಬಿಲ್ಲು ಬೇಕು. ಅದನ್ನು ಮಾಡಿಸುವ ಹೊಣೆ ಕೊಳ್ಳುವ ಆ ವ್ಯಾಪಾರಿಯದ್ದು. ಮಾಡಿಸಿದ್ದಾರೋ ಎಂದು ನೋಡದೆ ಗಾಡಿ ಹೊರಡಿಸಬೇಡಿ.

ಹೊರಡುವ ಮುಂಚೆ ಐದು ನಿಮಿಷ

ಈಗ ನಮ್ಮಲ್ಲಿ ಲೋಡಿಗೆ ಮೊದಲು ಇಷ್ಟನ್ನು ನೋಡುತ್ತೇವೆ:

• ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟು? 3,000ದ ಒಳಗೋ, ಹೊರಗೋ?

• ಹೊರಗಾದರೆ, ಪರ್ಮಿಟ್ಟಿನಲ್ಲಿ ನಾವು ಹೋಗುವ ರಾಜ್ಯದ ಹೆಸರು ಉಂಟೋ?

• ಆ ರಾಜ್ಯದ ತೆರಿಗೆ ಕಟ್ಟಿ ಆಗಿದೆಯೋ?

• ಎಫ್‌ಸಿ, ಇನ್ಶೂರೆನ್ಸ್, ಹೊಗೆ ಚೀಟಿಯ ಕೊನೆಯ ದಿನ ಯಾವುದು?

• ಮಾಲು ಗಾಡಿಯ ಮಿತಿಯೊಳಗೆ ಉಂಟೋ? ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಮಿತಿ ಸಿಗುತ್ತದೆ. ಮೀರಿದರೆ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000.

ಕಾಗದಗಳನ್ನು ಮಳೆಗೆ ಒದ್ದೆ ಮಾಡಿಕೊಂಡು ಒಯ್ಯಬೇಕೆಂದಿಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೆ ಸಾಕು, 2018ರಿಂದ ಅದಕ್ಕೆ ಮಾನ್ಯತೆ ಇದೆ. ಕಾಗದದ ಫೋಟೋ ಹೊಡೆದಿಟ್ಟದ್ದು ಆಗುವುದಿಲ್ಲ.

ಮರುವರ್ಷದ ಓಣಂಗೆ ನಾವು ಆರು ಮನೆಯವರು ಒಟ್ಟಾದೆವು. ವಾರ ವಾರದ ಸಣ್ಣ ಲೋಡಿಗೆ 3,000ದೊಳಗಿನ ಗಾಡಿ. ಹಬ್ಬದ ವಾರಕ್ಕೆ ಮಾತ್ರ ನ್ಯಾಷನಲ್ ಪರ್ಮಿಟ್ಟು ಇರುವ ಲಾರಿ. ಬಾಡಿಗೆ ಸ್ವಲ್ಪ ಜಾಸ್ತಿ ಆಯಿತು, ಹಂಚಿಕೊಂಡಾಗ ಭಾರ ಎನಿಸಲಿಲ್ಲ. ಅದೇ ರಸ್ತೆಯಲ್ಲಿ ಮತ್ತೆ ಕೈ ಅಡ್ಡ ಬಂತು. ಹುಡುಗ ಮೊಬೈಲು ತೋರಿಸಿದ. ಎರಡು ನಿಮಿಷ. "ಪೊಯ್ಕೊ" ಎಂದರು.

ಒಂಬತ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗಲೇ ಗೊನೆ ವ್ಯಾಪಾರಿಯ ಅಂಗಳದಲ್ಲಿತ್ತು.